ತಾತನ ಟ್ರಂಕಿನ ಕವರುಗಳು: ನೀರಿಗೆ ಬಿದ್ದವು, ಬೀಳದವು

ತಾತನ ಟ್ರಂಕಿನ ಹಳೇ ಕವರುಗಳನ್ನು ನೀರಿನಲ್ಲಿ ನೆನೆಹಾಕಿ ಸ್ಟಾಂಪು ಬಿಡಿಸುತ್ತಿದ್ದೇನೆ. ಅರವತ್ತು-ಎಪ್ಪತ್ತರ ದಶಕದ ಕಟ್ಟುಗಳ ಕೆಲಸ ಅಂತೂ ಮುಗಿಯಿತು. ತಾತ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದವರು. ಬಂದ ಕಾಗದ ಒಂದನ್ನೂ ಎಸೆಯದೆ ತಂತಿಗೆ ಚುಚ್ಚಿಡುತ್ತಿದ್ದರು. ಹಾಗಾಗಿ ಎಲ್ಲ ಕವರಿಗೂ ನಡುವೆ ಒಂದು ತೂತು. ಪುಣ್ಯಕ್ಕೆ ಸ್ಟಾಂಪು ಇರುವುದು ಮೂಲೆಯಲ್ಲಿ.

ಹೆಚ್ಚು ಹೊತ್ತು ಹಿಡಿದದ್ದು ವಿಂಗಡಣೆಯೇ. ಕಾರ್ಡು, ಇನ್‌ಲ್ಯಾಂಡ್ ಲೆಟರುಗಳನ್ನು ಮುಟ್ಟಲಿಲ್ಲ. ಅವುಗಳಲ್ಲಿ ಸ್ಟಾಂಪು ಅಚ್ಚಾಗಿಯೇ ಬಂದಿರುತ್ತದೆ, ಕತ್ತರಿಸಿದರೆ ಕೆಟ್ಟಂತೆ. ಮೊಹರು ಚೆನ್ನಾಗಿ ಬಿದ್ದ ಕವರುಗಳೂ ಇಡಿಯಾಗಿ ಉಳಿದವು. ಮದ್ದೂರು, ಪಾಂಡವಪುರ, ಕೆ.ಆರ್. ಪೇಟೆ ಮೊಹರುಗಳು ಅರ್ಧ ಸ್ಟಾಂಪಿನ ಮೇಲೆ, ಅರ್ಧ ಕವರಿನ ಮೇಲೆ ಇವೆ. ಬಿಡಿಸಿದರೆ ಊರಿನ ಹೆಸರೇ ಹೋಳು. ಬಿಡಿ ಸ್ಟಾಂಪು ದುಡ್ಡು ಕೊಟ್ಟರೆ ಸಿಗುತ್ತದೆ, ಆ ಊರಿನ ಆ ತಾರೀಖು ಎಲ್ಲಿ ಸಿಗಬೇಕು? 1960ರ ಸೆಪ್ಟೆಂಬರ್ 15ರಂದು, ವಿಶ್ವೇಶ್ವರಯ್ಯನವರು ಬದುಕಿದ್ದಾಗಲೇ ಬಂದ ಅವರ 15 ನಯಾಪೈಸೆ ಸ್ಟಾಂಪು ಒಂದು ಕವರಿನ ಮೇಲಿತ್ತು. ಮೊಹರು ಕೃಷ್ಣರಾಜಸಾಗರದ್ದು! ಅದನ್ನು ನೀರಿಗೆ ಹಾಕಲು ಯಾರಿಗೆ ಕೈ ಬಂದೀತು?

ಕಾಪಿಯಿಂಗ್ ಪೆನ್ಸಿಲಿನಲ್ಲಿ, ಅಂದರೆ ಬಣ್ಣ ಬೆರೆತ ಕಡ್ಡಿಯ ಪೆನ್ಸಿಲಿನಲ್ಲಿ, ವಿಳಾಸ ಬರೆದ ಕವರುಗಳ ಕತೆ ಬೇರೆ. ಒಣಗಿದ್ದಾಗ ಬೂದು ಬಣ್ಣ, ಒಂದು ಹನಿ ತಗುಲಿದರೆ ಕಡುನೇರಳೆ. ಅಕ್ಷರದ ಚೂರೂ ಉಳಿಯದ ಹಾಗೆ ಸ್ಟಾಂಪಿನ ಸುತ್ತ ಕತ್ತರಿಸಿಕೊಂಡೆ. ಬಣ್ಣದ ಮದುವೆ ಕವರುಗಳಿಗೆ ಬೇರೆಯೇ ಬಟ್ಟಲು, ಕೆಂಪು ಕಾಗದವನ್ನಂತೂ ನಂಬಲೇಬಾರದು.

ಉಳಿದದ್ದಕ್ಕೆ ಅಗಲದ ಸ್ಟೀಲ್ ತಟ್ಟೆ, ಉಗುರುಬೆಚ್ಚಗಿನ ನೀರು. ಸಾಮಾನ್ಯ ಗೋಂದಾದರೆ ಕಾಲು ಗಂಟೆಯಲ್ಲಿ ಸ್ಟಾಂಪು ತಾನಾಗಿ ಜಾರುತ್ತದೆ. ಜಾರದಿದ್ದರೆ ಕಾಯಬೇಕು, ಎಳೆದರೆ ಅಂಚಿನ ಹಲ್ಲು ಹೋಯಿತು. ಕೆಲವರು ಮೈದಾ ಅಂಟು ಬಳಿದಿದ್ದರು, ಅವು ಸುಲಭಕ್ಕೆ ಬಗ್ಗಲಿಲ್ಲ. ಬಿಟ್ಟ ಸ್ಟಾಂಪಿನ ಹಿಂಬದಿಯನ್ನು ಹೊಸ ನೀರಿನಲ್ಲಿ ಬೆರಳಿನಿಂದ ಸವರಿ, ಲೋಳೆ ಪೂರ್ತಿ ಹೋಗುವವರೆಗೆ ತೊಳೆದೆ. ಅದು ಉಳಿದರೆ ಒಣಗುವಾಗ ಸುರುಳಿ ಸುತ್ತಿಕೊಳ್ಳುತ್ತದೆ, ಬ್ಲಾಟಿಂಗ್ ಪೇಪರಿಗೂ ಅಂಟುತ್ತದೆ.

ನನಗೆ ಖುಷಿ ಕೊಟ್ಟದ್ದು ಭಾರತದ ನಕ್ಷೆಯ ಸ್ಟಾಂಪುಗಳು. 1957ರ ಏಪ್ರಿಲ್ 1ರಂದು ನಯಾಪೈಸೆ ಬಂದಾಗ ಹೊರಟ ಸರಣಿ ಅದು. ಮೊದಲು ಅಚ್ಚಾದವುಗಳ ಕಾಗದದಲ್ಲಿ ನಕ್ಷತ್ರದ ನೀರಚ್ಚು (ವಾಟರ್‌ಮಾರ್ಕ್, ಕಾಗದದೊಳಗೇ ಇರುವ ಮಸುಕು ಗುರುತು), 1958ರಿಂದಾಚೆಗೆ ಅಶೋಕ ಸ್ತಂಭದ್ದು. ಮುಂದಿನಿಂದ ನೋಡಿದರೆ ಎರಡೂ ಒಂದೇ. ಒದ್ದೆ ಇರುವಾಗಲೇ ಕರೀ ಟೈಲಿನ ಮೇಲೆ ಬೋರಲು ಹಾಕಿ, ಕಿಟಕಿ ಬೆಳಕಿಗೆ ಓರೆ ಹಿಡಿದರೆ ನಕ್ಷತ್ರ ಮಸುಕಾಗಿ ಎದ್ದು ಬರುತ್ತದೆ. ಒಣಗುವಷ್ಟರಲ್ಲಿ ನೋಡಿ ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಬೇಕು. ಇಷ್ಟಕ್ಕಾಗಿಯಾದರೂ ನೆನೆಹಾಕುವ ಕೆಲಸ ಸಾರ್ಥಕ ಅನ್ನುವ ಪೈಕಿ ನಾನು.

1971ರಿಂದ 1973ರವರೆಗಿನ ಕವರುಗಳಲ್ಲಿ ಮಾಮೂಲಿ ಸ್ಟಾಂಪಿನ ಪಕ್ಕ ಇನ್ನೊಂದು ಪುಟ್ಟ 5 ಪೈಸೆಯದು ಇದೆ. ಬಾಂಗ್ಲಾ ನಿರಾಶ್ರಿತರಿಗಾಗಿ ಕಾಗದಕ್ಕೆ ಹಾಕಿದ ಕಡ್ಡಾಯ ತೆರಿಗೆ ಅದು. ಶುರುವಿನಲ್ಲಿ ಕುಟುಂಬ ಯೋಜನೆಯ ಸ್ಟಾಂಪಿನ ಮೇಲೇ ‘ರೆಫ್ಯೂಜಿ ರಿಲೀಫ್’ ಎಂದು ಒತ್ತಿ ಬಳಸಿದರು. ಅಚ್ಚಿನಲ್ಲಿ ಒತ್ತಿದ್ದು ನೀರಿಗೆ ಹೆದರುವುದಿಲ್ಲ, ರಬ್ಬರ್ ಮುದ್ರೆಯ ಶಾಯಿಯಾದರೆ ಹೇಳಲಾಗದು. ಸಂಶಯ ಬಂದವನ್ನೆಲ್ಲ ಕವರಿನ ತುಂಡಿನ ಸಮೇತ ಇಟ್ಟೆ. ಎರಡು ಸ್ಟಾಂಪೂ ಒಟ್ಟಿಗಿದ್ದರೇ ಅದಕ್ಕೆ ಅರ್ಥ.

ಒಣಗಿದವು ಈಗ ದಪ್ಪ ನಿಘಂಟಿನ ಅಡಿಯಲ್ಲಿ ಚಪ್ಪಟೆಯಾಗುತ್ತಿವೆ. ಇನ್ನು ಉಳಿದಿರುವುದು ಚಿಕ್ಕಪ್ಪನ ಮಗ ಅಮೆರಿಕದಿಂದ ಕಳಿಸಿದ ಈಚಿನ ಕವರುಗಳು. ಅವು ಸ್ಟಿಕ್ಕರ್ ಸ್ಟಾಂಪು, ನೀರಿಗೆ ಜಗ್ಗುವುದಿಲ್ಲ. ದ್ರಾವಕ ಹಾಕಿ ಬಿಡಿಸುವವರಿದ್ದಾರೆ. ನನಗೆ ಆ ಗೋಜು ಬೇಡ, ಸುತ್ತ ನಾಲ್ಕೈದು ಮಿಲಿಮೀಟರ್ ಕಾಗದ ಬಿಟ್ಟು ಕತ್ತರಿಸಿ ಆಲ್ಬಮ್ಮಿಗೆ ಹಾಕುತ್ತೇನೆ.