ಗ್ರಾನೈಟ್ ಕೊಯ್ದವರ ಗುರುತು ಹುಡುಕಿ ಈಜಿಪ್ಟ್‌ಗೆ ಹೋಗುವವರಿಗೆ

ನನ್ನ ಚಿಕ್ಕಪ್ಪ ಮೂವತ್ತು ವರ್ಷ ಲೇತ್ ಮೇಲೆ ಕೆಲಸ ಮಾಡಿದವರು. ಹಳೆಯ ಈಜಿಪ್ಟಿನವರು ತಾಮ್ರದ ಉಪಕರಣಗಳಿಂದಲೇ ಗ್ರಾನೈಟ್ ಕೊಯ್ದರು ಅಂತಾರೆ. ಈಜಿಪ್ಟ್‌ಗೆ ಹೋಗೋಣ ಅಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ತಾಮ್ರ ಅಷ್ಟು ಮೆತ್ತಗೆ, ಗ್ರಾನೈಟ್ ಅಷ್ಟು ಗಟ್ಟಿ. ತಾಮ್ರದಲ್ಲಿ ಅದನ್ನ ಕೊಯ್ದರು ಅಂದ್ರೆ ಹೆಂಗೆ ನಂಬೋದು ಕಣಮ್ಮ?" ಈ ಪ್ರಶ್ನೆ ನಿಮಗೂ ಇದ್ದರೆ, ಟೂರ್ ಪ್ಯಾಕೇಜ್ ಕರೆದುಕೊಂಡು ಹೋಗದ ಕೆಲವು ಜಾಗಗಳನ್ನು ನೀವೇ ಸೇರಿಸಿಕೊಳ್ಳಬೇಕು.

ಮೊದಲನೆಯದು ಗೀಜಾದಲ್ಲೇ ಇದೆ. ಖುಫುವಿನ ದೊಡ್ಡ ಪಿರಮಿಡ್ಡಿನ ಪೂರ್ವಕ್ಕೆ ಕಪ್ಪು ಬಸಾಲ್ಟ್ ಕಲ್ಲು ಹಾಸಿದ ನೆಲ ಉಳಿದಿದೆ. ಜನ ಅದರ ಪಕ್ಕದಲ್ಲೇ ಒಂಟೆ ನೋಡಿಕೊಂಡು ಹೋಗುತ್ತಾರೆ. ಬೆಳಿಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಕಲ್ಲಿನ ಅಂಚಿನಲ್ಲಿ ಗರಗಸದ ಗೆರೆಗಳು ಎದ್ದು ಕಾಣುತ್ತವೆ. ಒಂದು ಕಡೆ ಕೊಯ್ಯಲು ಶುರು ಮಾಡಿ, ದಾರಿ ತಪ್ಪಿ, ಅಲ್ಲಿಗೇ ಬಿಟ್ಟ ಸೀಳು ಇತ್ತು. ಚಿಕ್ಕಪ್ಪ ಮಂಡಿಯೂರಿ ಕೂತು ಅದನ್ನೇ ತುಂಬಾ ಹೊತ್ತು ನೋಡಿದರು. "ಇದು ಹಲ್ಲು ಕಚ್ಚಿದ ಗೆರೆ ಅಲ್ಲ, ಪುಡಿ ಉಜ್ಜಿದ ಗೆರೆ. ನಾವು ಲ್ಯಾಪಿಂಗ್ ಮಾಡ್ತಿದ್ವಲ್ಲ, ಹಂಗೇ!"

ಅವರ ಕಾರ್ಖಾನೆಯಲ್ಲಿ ಗಟ್ಟಿ ಉಕ್ಕನ್ನು ನುಣುಪು ಮಾಡಲು ತಾಮ್ರದ ತುಂಡಿಗೆ ಕಾರ್ಬೊರಂಡಮ್ ಎಂಬ ಗಟ್ಟಿ ಪುಡಿಯ ಪೇಸ್ಟ್ ಹಚ್ಚಿ ಉಜ್ಜುತ್ತಿದ್ದರಂತೆ. ತಾಮ್ರ ಮೆತ್ತಗಿರುವುದೇ ಅನುಕೂಲ. ಪುಡಿ ಅದರೊಳಗೆ ಕಚ್ಚಿಕೊಂಡು ಎದುರಿನ ಗಟ್ಟಿ ವಸ್ತುವನ್ನು ತೇಯುತ್ತದೆ. ಈಜಿಪ್ಟಿನವರ ಹತ್ತಿರ ಇದ್ದ ಪುಡಿ ಮರಳು. ಗಡಸುತನದ ಮೋಸ್ ಅಳತೆಯಲ್ಲಿ ತಾಮ್ರ 3, ಮರಳಿನ ಕ್ವಾರ್ಟ್ಜ್ 7. ಕೊಯ್ದದ್ದು ಮರಳು, ತಾಮ್ರ ಅದನ್ನು ಒತ್ತಿ ಎಳೆದಿತ್ತು ಅಷ್ಟೆ. ಡೆನಿಸ್ ಸ್ಟಾಕ್ಸ್ ಎಂಬ ಬ್ರಿಟನ್ನಿನ ಸಂಶೋಧಕರು 1999ರಲ್ಲಿ ದಕ್ಷಿಣ ಈಜಿಪ್ಟಿನ ಗ್ರಾನೈಟ್ ಗಣಿಗಳ ಊರು ಅಸ್ವಾನ್‌ನಲ್ಲೇ ಈ ರೀತಿ ಗ್ರಾನೈಟ್ ಕೊಯ್ದು, ತಾಮ್ರದ ಕೊಳವೆಯಿಂದ ಕೊರೆದು ತೋರಿಸಿದ್ದಾರೆ.

ಅಸ್ವಾನ್‌ಗೆ ಕೈರೋದಿಂದ ರಾತ್ರಿ ರೈಲು ಇದೆ. ಅಲ್ಲಿನ ಅಪೂರ್ಣ ಒಬೆಲಿಸ್ಕ್ (ಒಂದೇ ಕಲ್ಲಿನ ಚೂಪು ತುದಿಯ ಕಂಬ) ಸುಮಾರು 42 ಮೀಟರ್ ಉದ್ದ, ತೂಕ ಸಾವಿರ ಟನ್‌ಗೂ ಜಾಸ್ತಿ. ಬಿರುಕು ಬಿಟ್ಟಿದ್ದರಿಂದ ಬಂಡೆಯಲ್ಲೇ ಬಿಟ್ಟರು. ಗೇಟು ತೆರೆಯುವ ಹೊತ್ತಿಗೇ ಹೋಗಿ, ನೆರಳು ಅನ್ನೋದೇ ಇಲ್ಲ. ಇಲ್ಲಿ ಗರಗಸದ ಗುರುತಿಲ್ಲ. ಸುತ್ತ ತೋಡಿದ ಕಾಲುವೆಯಲ್ಲಿ ಸಾಲಾಗಿ ತಟ್ಟೆಯಂಥ ತಗ್ಗುಗಳು. ಒಂದೊಂದರಲ್ಲೂ ಒಬ್ಬ ಆಳು ಕೂತು ಡಾಲರೈಟ್ ಎಂಬ ಗಟ್ಟಿ ಕಲ್ಲಿನ ಗುಂಡಿನಿಂದ ಕುಟ್ಟಿ ಪುಡಿ ಮಾಡಿದ ಜಾಗ. ನಮ್ಮ ಒರಳಿನ ಗುಂಡಿನಂಥ ಆ ಕಲ್ಲುಗಳು ಅಲ್ಲಿ ಇನ್ನೂ ಬಿದ್ದಿವೆ. 1922ರಲ್ಲಿ ಇಲ್ಲಿ ಕೆಲಸ ಮಾಡಿದ ಪುರಾತತ್ವಜ್ಞ ಎಂಗಲ್‌ಬಾಕ್ ತಾವೇ ಕುಟ್ಟಿ ನೋಡಿದಾಗ, ಪುಟ್ಟದೊಂದು ಜಾಗ ಗಂಟೆಗೆ ಸುಮಾರು 5 ಮಿಲಿಮೀಟರ್ ಇಳಿಯಿತು. ಆ ಕಾಲುವೆ ನೋಡುವಾಗ ಇದು ನೆನಪಿರಲಿ.

ಸುತ್ತಲಿನ ಬಂಡೆಗಳಲ್ಲಿ ಬೆಣೆ ಹೊಡೆದ ಕುಳಿಗಳ ಸಾಲು ಕಂಡರೆ, ಹಂಪಿ ನೋಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಒದ್ದೆ ಮರದ ಬೆಣೆ ಉಬ್ಬಿಸಿ ಒಬೆಲಿಸ್ಕ್ ಒಡೆದರು ಅಂತ ಯಾರಾದರೂ ಹೇಳಬಹುದು. ಒಪ್ಪಬೇಡಿ. ಆ ಕುಳಿಗಳು ಹೆಚ್ಚಾಗಿ ಕಬ್ಬಿಣದ ಉಳಿ ಬಂದ ಮೇಲಿನವು.

ಲಕ್ಸರ್‌ನಲ್ಲಿ ರೆಖ್ಮಿರೆಯ ಸಮಾಧಿ ನೋಡಲೇಬೇಕು. ಇವನು ಮೂರನೇ ಥುಟ್ಮೋಸ್ ದೊರೆಯ ಮಂತ್ರಿ. ಗೋಡೆಯ ಚಿತ್ರದಲ್ಲಿ ದೊಡ್ಡ ಪ್ರತಿಮೆಯ ಸುತ್ತ ಅಟ್ಟಣೆ ಕಟ್ಟಿ ಜನ ಕಲ್ಲು ಉಜ್ಜುತ್ತಿದ್ದಾರೆ. ಪಕ್ಕದಲ್ಲಿ ದಾರ ಹಿಡಿದು ಮಟ್ಟ ನೋಡುವವರೂ ಇದ್ದಾರೆ. ಇದು ರಾಜರ ಕಣಿವೆಯಲ್ಲಿಲ್ಲ, ಟಿಕೆಟ್ಟೂ ಬೇರೆ. ಡ್ರೈವರ್‌ಗೆ ಮೊದಲೇ ಹೇಳಿ. ನಾವು ಹೇಳಿರಲಿಲ್ಲ, ಅರ್ಧ ದಿನ ಹೋಯಿತು.

ಸಕ್ಕಾರಾದ ಸೆರಾಪಿಯಂ ಕೊನೆಗಿಟ್ಟುಕೊಳ್ಳಿ. ನೆಲದಡಿಯಲ್ಲಿ ಪವಿತ್ರ ಹೋರಿಗಳನ್ನು ಹೂಳಲು ಮಾಡಿದ ಭಾರೀ ಕಲ್ಲಿನ ಪೆಟ್ಟಿಗೆಗಳಿವೆ. ಹಳಬರ ಹತ್ತಿರ ಈಗ ಕಳೆದುಹೋದ ಯಂತ್ರಗಳಿದ್ದವು ಅಂತ ವಾದ ಮಾಡುವವರು ಮೊದಲು ತೋರಿಸುವುದು ಇವನ್ನೇ. ಒಳಮೂಲೆಗಳನ್ನು ನೋಡಿ ಚಿಕ್ಕಪ್ಪನೂ ಸುಮ್ಮನಾದರು. "ವಿಧಾನ ಒಪ್ಪಿದೆ. ಆದ್ರೆ ಇಷ್ಟು ಸಮ ಮಾಡೋಕೆ ಎಂಥ ಕೈ ಬೇಕು!" ನನಗೂ ಯಂತ್ರಕ್ಕಿಂತ ಆ ಕೈಯೇ ದೊಡ್ಡದು ಅನ್ನಿಸಿತು.

ಇನ್ನೊಂದು ಮಾತು. ನಾವು ವಾಪಸ್ ಬಂದ ಮೇಲೆ ಮಾಡಿದ್ದನ್ನು ನೀವು ಹೊರಡುವ ಮೊದಲೇ ಮಾಡಿ. ಅಡುಗೆಕಟ್ಟೆ ಕೆಲಸದಲ್ಲಿ ಉಳಿದ ಗ್ರಾನೈಟ್ ಚೂರು, ಒಂದು ತುಂಡು ತಾಮ್ರದ ಪೈಪು, ಒದ್ದೆ ಮರಳು ಸಾಕು. ಪೈಪನ್ನು ಒತ್ತಿ ತಿರುಗಿಸುತ್ತಾ ಕೂರಿ. ನಮ್ಮ ಚೂರಿನಲ್ಲಿ ಒಂದು ಸಂಜೆಗೆ ಬಳೆಯಂಥ ಗೆರೆ ಬಿತ್ತು. ಉಗುರು ಆಡಿಸಿದರೆ ತಡೆಯುತ್ತದೆ.