ಅಂಡಮಾನ್‌ದಾಗ ಬಾಡಿಗಿ ಮನಿ ಹಿಡಿದು ಇರಬಹುದೇನ್ರಿ?

ರಜೆಗೆ ವಿಜಯಪುರಕ್ಕೆ ಬಂದಾಗಲೆಲ್ಲ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಮನೆಯಲ್ಲಿ, ಗಾಂಧಿ ಚೌಕದ ಚಹಾದ ಅಂಗಡಿ ಮುಂದೆ, ಬ್ಯಾಂಕಿನ ಸಾಲಿನಲ್ಲಿ. ನನ್ನ ನೌಕರಿ ಅಂಡಮಾನಿನಲ್ಲಿ ಅಂತ ಗೊತ್ತಾದ ಕೂಡಲೇ ಮೊದಲು ಜೈಲಿನ ವಿಷಯ ಕೇಳುತ್ತಾರೆ, ಆಮೇಲೆ ಸ್ವಲ್ಪ ಹತ್ತಿರ ಸರಿದು, "ನಮ್ಮ ಹುಡುಗಗೂ ಅಲ್ಲೇ ಆರ್ಡರ್ ಬಂದೈತ್ರಿ, ಬಾಡಿಗಿ ಮನಿ ಸಿಗತಾವೇನು? ಸಂಸಾರ ಮಾಡಾಕ ಆಗತೈತೇನು?" ಅಂತಾರೆ. ಪ್ರತಿ ಸಲ ನಿಂತು ಹೇಳೋದಕ್ಕಿಂತ ಇಲ್ಲೇ ಬರೆದುಬಿಡುತ್ತೇನೆ.

ಆಗುತ್ತದೆ. ಪಾಸ್‌ಪೋರ್ಟ್ ಬೇಡ, ನಮ್ಮ ದೇಶದವರು ಪೋರ್ಟ್ ಬ್ಲೇರ್‌ಗೆ ಬರೋದಕ್ಕೆ ಯಾವ ಪರ್ಮಿಟ್ಟೂ ಬೇಡ. 2024ರ ಸೆಪ್ಟೆಂಬರ್‌ನಲ್ಲಿ ಊರಿನ ಹೆಸರು ಶ್ರೀ ವಿಜಯಪುರಂ ಅಂತ ಆಯಿತು, ಮಾತಿನಲ್ಲಿ ಮಾತ್ರ ಇನ್ನೂ ಹಳೆಯ ಹೆಸರೇ ಓಡುತ್ತಿದೆ. ಗೋಲ್ ಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಮುಟ್ಟೋದಕ್ಕೆ ಒಂದು ರಾತ್ರಿ ಬೇಕು, ಅಲ್ಲಿಂದ ವಿಮಾನಕ್ಕೆ ಎರಡೂವರೆ ತಾಸು ಸಾಕು. ಚೆನ್ನೈನಿಂದ ಹಡಗು ಹಿಡಿದರೆ ಎರಡೂವರೆ ಮೂರು ದಿನ. ಒಂದು ಸಲ ಹೋಗಿ ನೋಡಿ, ಎರಡನೇ ಸಲ ನೀವಾಗಿಯೇ ವಿಮಾನ ಬುಕ್ ಮಾಡುತ್ತೀರಿ.

ಪಟ್ಟಣದ ಒಳಗೆ, ಅಬರ್ಡೀನ್ ಬಜಾರ್ ಸುತ್ತಮುತ್ತ, ಬಾಡಿಗೆ ಜಾಸ್ತಿ, ಜಾಗ ಕಡಿಮೆ. ಹಾಗಾಗಿ ನನ್ನಂಥ ನೌಕರಿಯವರು ಹೊರಗಿನ ಬಡಾವಣೆಗಳಿಗೆ ಹೋಗುತ್ತಾರೆ. ಗಾರಾಚರ್ಮಾ, ಡಾಲಿಗಂಜ್, ಬಾತು ಬಸ್ತಿ, ಪ್ರೊಥ್ರಾಪುರ. ನಾನಿರುವುದು ಗಾರಾಚರ್ಮಾ ಕಡೆ. ಗುಡ್ಡದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಮನೆಗಳು. ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಹಿಂದೆ ಅಡಿಕೆ, ತೆಂಗು. ಸಮುದ್ರ ಕಾಣೋದಿಲ್ಲ. ಇದನ್ನು ಹೇಳಿದರೆ ಊರಿನವರಿಗೆ ಬೇಜಾರು, "ಅಷ್ಟು ದೂರ ಹೋಗಿ ಸಮುದ್ರ ಕಾಣದ ಮನಿ ಹಿಡದೀಯಲ್ಲೋ" ಅಂತಾರೆ.

ನನ್ನ ಉತ್ತರ ಒಂದೇ: ಮನೆ ನೋಡೋದಕ್ಕೆ ಹೋದಾಗ ಸಮುದ್ರ ನೋಡಬೇಡಿ, ನೀರಿನ ಟ್ಯಾಂಕ್ ನೋಡಿ.

ವಿಜಯಪುರದಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ, ಅಲ್ಲಿ ಸುಮಾರು 3,000. ಮೇ ತಿಂಗಳಿಂದ ಡಿಸೆಂಬರ್‌ವರೆಗೆ ಮುಂಗಾರು, ಹಿಂಗಾರು ಎರಡೂ ಮಳೆ ಬೀಳುತ್ತವೆ. ಇಷ್ಟು ಮಳೆ ಬೀಳುವ ಊರಲ್ಲಿ ನೀರಿಗೆ ಏನು ಕೊರತೆ ಅಂತ ಅನ್ನಿಸುತ್ತೆ, ಅಲ್ವಾ? ಆದರೆ ಗುಡ್ಡ ಕಡಿದಾಗಿದೆ, ದ್ವೀಪ ಸಣ್ಣದು, ಬಿದ್ದ ನೀರು ಸೀದಾ ಸಮುದ್ರಕ್ಕೆ ಓಡುತ್ತದೆ. ಹೇಳಿಕೊಳ್ಳುವಂಥ ನದಿ ಇರೋದು ಉತ್ತರ ಅಂಡಮಾನಿನಲ್ಲಿ, ಕಲ್ಪೋಂಗ್ ಅಂತ, ಅದು ನಮಗೆ ಬಹಳ ದೂರ. ಪೋರ್ಟ್ ಬ್ಲೇರ್‌ಗೆ ಮುಖ್ಯ ಆಸರೆ ಧನಿಖಾರಿ ಅಣೆಕಟ್ಟು. ಫೆಬ್ರವರಿ ದಾಟಿತೆಂದರೆ ನಲ್ಲಿ ನೀರು ಒಂದು ದಿನ ಬಿಟ್ಟು, ಎರಡು ದಿನ ಬಿಟ್ಟು, ಬಿಸಿಲು ಜೋರಾದ ವರ್ಷ ಇನ್ನೂ ಅಂತರ ಹಾಕಿ ಬರುತ್ತದೆ. ಬಂದಾಗಲೂ ಸ್ವಲ್ಪ ಹೊತ್ತು ಮಾತ್ರ.

ನಮ್ಮ ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ನಲ್ಲಿ ಬಂತು ಅಂದರೆ ನಿದ್ದೆಯಿಂದೆದ್ದು ಕೊಡ, ಡ್ರಮ್ಮು, ತೊಟ್ಟಿ ಎಲ್ಲಾ ತುಂಬಿಸಿಕೊಳ್ಳುವ ಜನ ನಾವು. ಬೆಂಗಳೂರಿನಿಂದ ಬಂದ ಸಹೋದ್ಯೋಗಿಗಳು ಮೊದಲ ಬೇಸಿಗೆಯಲ್ಲೇ ಟ್ರಾನ್ಸ್‌ಫರ್ ಅರ್ಜಿ ಬರೆಯಲು ಕೂರುತ್ತಾರೆ, ವಿಜಯಪುರದವರು ಸುಮ್ನೆ ಇನ್ನೊಂದು ಡ್ರಮ್ ತರುತ್ತಾರೆ. ಓನರ್ ಹತ್ತಿರ ಕೇಳಬೇಕಾದ್ದು ಇಷ್ಟು: ಟ್ಯಾಂಕ್ ಎಷ್ಟು ಲೀಟರಿನದು, ಎಷ್ಟು ಮನೆ ಹಂಚಿಕೊಳ್ಳುತ್ತವೆ, ಬಾವಿ ಇದೆಯಾ, ಇದ್ದರೆ ಏಪ್ರಿಲ್‌ನಲ್ಲಿ ಅದರಲ್ಲಿ ನೀರು ಇರುತ್ತಾ, ಮಳೆ ನೀರು ಹಿಡಿಯೋದಕ್ಕೆ ತಗಡಿನ ಛಾವಣಿಯಿಂದ ಪೈಪ್ ಇಳಿಸಿದ್ದಾರಾ, ಟ್ಯಾಂಕರ್ ತರಿಸಿದರೆ ದುಡ್ಡು ಯಾರದ್ದು. ಕೊನೆಯದನ್ನ ಅಗ್ರಿಮೆಂಟ್‌ನಲ್ಲೇ ಬರೆಸಿ. ಬಾಯಿಮಾತಿನಲ್ಲಿ ಎಲ್ಲ ಓನರೂ ಒಳ್ಳೆಯವರೇ.

ಅಗ್ರಿಮೆಂಟ್ ಊರಿನ ಹಾಗೇ 11 ತಿಂಗಳದ್ದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕು, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ಪೊಲೀಸ್ ಠಾಣೆಯಲ್ಲಿ ಬಾಡಿಗೆದಾರರ ಪರಿಶೀಲನೆ ಆಗಬೇಕು, ಆಧಾರ್, ಫೋಟೋ, ಆಫೀಸಿನ ಪತ್ರ ಕೈಯಲ್ಲಿ ಇಟ್ಟುಕೊಂಡಿರಿ. ಇದರಲ್ಲಿ ತಲೆಬಿಸಿ ಏನಿಲ್ಲ.

ತಲೆಬಿಸಿ ಇರೋದು ಗೋಡೆಯದ್ದು. ಮಳೆಗಾಲದಲ್ಲಿ ಒಳಗಿನ ಗೋಡೆ ಹಸಿರಾಗುತ್ತದೆ, ಮೂಲೆಯಲ್ಲಿ ಕರಿ ಚುಕ್ಕೆ ಏಳುತ್ತವೆ. ಮನೆ ಬಿಡುವ ಹೊತ್ತಿಗೆ ಪೇಂಟಿನ ಲೆಕ್ಕ ಹಾಕಿ ಡಿಪಾಸಿಟ್ ಮುರಿಯುವವರು ಅಲ್ಲೂ ಇದ್ದಾರೆ. ಹೋದ ದಿನವೇ ಪ್ರತಿ ಕೋಣೆಯ ಫೋಟೋ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿಬಿಡಿ.

ಆ ತೇವ ಎಂಥದ್ದು ಅನ್ನೋದು ಊರಲ್ಲಿ ಕೂತವರಿಗೆ ತಿಳಿಯೋದು ಕಷ್ಟ. ಚರ್ಮದ ಚಪ್ಪಲಿ ನಾಲ್ಕು ದಿನ ಹಾಕದೆ ಇಟ್ಟರೆ ಮೇಲೆ ಬಿಳಿ ಬೂಷ್ಟು. ಕಪಾಟಿನಲ್ಲಿಟ್ಟ ಇಳಕಲ್ ಸೀರೆಗೆ ವಾಸನೆ. ಅಲ್ಲಿಯವರು ಕಪಾಟಿನ ಒಳಗೇ ಒಂದು ಸಣ್ಣ ಬಲ್ಬ್ ಉರಿಸುತ್ತಾರೆ, ನಾವೂ ಅದನ್ನೇ ಮಾಡುತ್ತೇವೆ. ಇನ್ನು ಕಡಕ್ ರೊಟ್ಟಿ. ಊರಿನಿಂದ ಅವ್ವ ಒಂದು ಕಟ್ಟು ಕಟ್ಟಿ ಕೊಡುತ್ತಾಳೆ. ಡಬ್ಬಿ ತೆಗೆದು ತಾಟಿಗೆ ಇಟ್ಟು, ಪಲ್ಯ ಬಡಿಸಿಕೊಂಡು, ಫೋನ್ ಬಂತು ಅಂತ ಎದ್ದು ಹೋಗಿ ಬಂದರೆ ರೊಟ್ಟಿ ಬಗ್ಗುತ್ತದೆ, ಮುರಿಯೋದಿಲ್ಲ. ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಕಾಯಿಸಿದರೆ ಮತ್ತೆ ಕಟಕಟ ಅನ್ನುತ್ತೆ, ಆಗ ಕೂಡಲೇ ತಿನ್ನಬೇಕು. ಶೇಂಗಾ ಚಟ್ನಿ ಸಣ್ಣ ಸಣ್ಣ ಬಾಟಲಿಗಳಲ್ಲಿ ತುಂಬಿ ಫ್ರಿಜ್‌ನಲ್ಲಿ ಇಡಿ. ಜೋಳದ ಹಿಟ್ಟು ಜಾಸ್ತಿ ತರಬೇಡಿ, ಹುಳ ಬೀಳುತ್ತದೆ. ಜೋಳ ತಂದು ಬೇಕಾದಾಗ ಬೇಕಾದಷ್ಟು ಬೀಸಿಸಿ.

ಬಟಾಟಿ, ಉಳ್ಳಾಗಡ್ಡಿ ಬರೋದು ಹಡಗಿನಲ್ಲಿ. ಚಂಡಮಾರುತ ಎದ್ದು ಹಡಗು ತಡವಾದರೆ ದರ ಏರುತ್ತದೆ. ಮೀನು ತಿನ್ನುವವರಿಗೆ ಚಿಂತೆ ಇಲ್ಲ. ತೆಂಗು, ಬಾಳೆ, ಸೊಪ್ಪು ಅಲ್ಲೇ ಬೆಳೆಯುತ್ತಾರೆ. ಕರೆಂಟ್ ಬಹುಪಾಲು ಡೀಸೆಲ್ ಜನರೇಟರ್‌ನದ್ದು, ಇನ್ವರ್ಟರ್ ಇರಲಿ. ಇಂಟರ್ನೆಟ್ ಮೊದಲು ಉಪಗ್ರಹದ ಮೇಲೆ ತೆವಳುತ್ತಿತ್ತಂತೆ, 2020ರ ಆಗಸ್ಟ್‌ನಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂದಮೇಲೆ ಅವ್ವನ ಜೊತೆ ವಿಡಿಯೋ ಕಾಲ್ ಸಲೀಸು.

ಓಣಿಯ ಮಾತು ಹಿಂದಿಯಲ್ಲಿ. ಅದು ನಮ್ಮ ಶಾಲೆಯ ಹಿಂದಿ ಅಲ್ಲ, ವಿಜಯಪುರದ ಬಜಾರಿನಲ್ಲಿ ದಖನಿ ಕೇಳಿ ಬೆಳೆದವರಿಗೆ ಅಲ್ಲಿನ ಮಾತು ಬೇಗ ಒಗ್ಗುತ್ತದೆ. ಎಡಕ್ಕೆ ಬಂಗಾಳಿ ಮನೆ, ದೇಶ ಇಬ್ಭಾಗವಾದಾಗ ಪೂರ್ವ ಬಂಗಾಳದಿಂದ ಬಂದವರು. ಬಲಕ್ಕೆ ತಮಿಳರು. ಕೆಳಗಿನ ಓನರ್ ಅಜ್ಜಿ ಕೈದಿಯಾಗಿ ಬಂದವರ ಮೊಮ್ಮಗಳು, ಅದನ್ನ ಮುಚ್ಚಿಡದೆ ಹೇಳುತ್ತಾರೆ. ಬಸ್ಸಿನ ಬೋರ್ಡಿನಲ್ಲಿ ಕ್ಯಾಲಿಕಟ್, ಮಂಜೇರಿ, ವಂಡೂರ್ ಅಂತ ಊರ ಹೆಸರು ನೋಡಿ ಗಾಬರಿ ಆಗಬೇಡಿ, ಕೇರಳದ ಮಲಬಾರಿನಿಂದ ಬಂದ ಮಾಪಿಳ್ಳೆ ಮುಸ್ಲಿಮರು ತಮ್ಮ ಊರಿನ ಹೆಸರನ್ನೇ ಅಲ್ಲಿ ಇಟ್ಟುಕೊಂಡರು. ಕನ್ನಡದವರು ಕಡಿಮೆ. ಸಿಕ್ಕರೆ ಊರು, ತಾಲೂಕು, ಮನೆತನದ ಹೆಸರು ಎಲ್ಲಾ ಕೇಳಿದ ಮೇಲೇ ಬಿಡೋದು.

ಇನ್ನು ಮನೆ ಎತ್ತರದಲ್ಲಿ ಇರಬೇಕು ಅನ್ನೋದಕ್ಕೆ ಕಾರಣ ಸಿಪ್ಪಿಘಾಟ್. ಗಾರಾಚರ್ಮಾದಿಂದ ದೂರವೇನಿಲ್ಲ. 2004ರ ಡಿಸೆಂಬರ್ 26ರ ಭೂಕಂಪದಲ್ಲಿ ಆ ಕಡೆಯ ನೆಲ ಸುಮಾರು ಒಂದು ಮೀಟರ್ ಕುಸಿಯಿತು, ಸಮುದ್ರದ ನೀರು ಗದ್ದೆಗೆ ನುಗ್ಗಿ ಅಲ್ಲೇ ಉಳಿಯಿತು. ಸುನಾಮಿ ಬಂದು ಹೋಯಿತು, ಆ ಗದ್ದೆಗಳು ಮಾತ್ರ ತಿರುಗಿ ಬರಲಿಲ್ಲ. ಬಾಗಲಕೋಟೆಯ ಗೆಳೆಯನೊಬ್ಬನನ್ನ ಸ್ಕೂಟರ್ ಮೇಲೆ ಕರ್ಕೊಂಡು ಹೋಗಿದ್ದೆ. ಅವರ ಹಳೆ ಮನೆ ಆಲಮಟ್ಟಿ ಹಿನ್ನೀರಿಗೆ ಹೋಗಿ, ಈಗ ನವನಗರದಲ್ಲಿದ್ದಾರೆ. ಸ್ಕೂಟರ್ ಇಳಿದು ಬಹಳ ಹೊತ್ತು ಆ ನೀರನ್ನೇ ನೋಡಿ, "ನಮಗರ ನೋಟೀಸ್ ಕೊಟ್ಟಿದ್ರಪಾ" ಅಂದ. ಇಡೀ ಅಂಡಮಾನ್ ಭೂಕಂಪದ ಅತಿ ಅಪಾಯದ ವಲಯದಲ್ಲಿದೆ. ಕಂಬ ಸಪೂರ, ಮಹಡಿ ಜಾಸ್ತಿ ಇರುವ ಕಟ್ಟಡ ಬೇಡ.

ಹೊತ್ತು ಮುಳುಗುವ ವಿಷಯ ಮನೆಯ ಹೆಂಗಸರಿಗೆ, ಮಕ್ಕಳಿಗೆ ಮೊದಲೇ ಹೇಳಿ. ಗಡಿಯಾರ ನಮ್ಮದೇ, ಸೂರ್ಯ ಮಾತ್ರ ಒಂದು ತಾಸು ಮುಂದೆ. ಡಿಸೆಂಬರ್‌ನಲ್ಲಿ ಸಂಜೆ 5ಕ್ಕೆ ಹೊತ್ತು ಮುಳುಗುತ್ತದೆ, ಆಫೀಸಿನಿಂದ ಹೊರಗೆ ಬರುವಾಗ ಕತ್ತಲೆ. ಜೂನ್‌ನಲ್ಲಿ ಬೆಳಿಗ್ಗೆ 5ಕ್ಕೆ ಬಿಸಿಲು ಕಣ್ಣಿಗೆ ಬೀಳುತ್ತದೆ, ದಪ್ಪ ಪರದೆ ಒಯ್ಯಿರಿ.

ವಯಸ್ಸಾದವರಿಗೆ ದೊಡ್ಡ ಕಾಯಿಲೆ ಇದ್ದರೆ ಯೋಚನೆ ಮಾಡಿ. ಸರ್ಕಾರಿ ಆಸ್ಪತ್ರೆ ಇದೆ, ಆದರೆ ದೊಡ್ಡ ಚಿಕಿತ್ಸೆ ಅಂದರೆ ಚೆನ್ನೈಗೆ ವಿಮಾನ ಹತ್ತಬೇಕಾಗಿ ಬರಬಹುದು. ಸುಮ್ನೆ ನೋಡಿ ಹೋಗೋದಕ್ಕೆ ಅಪ್ಪ ಅವ್ವನನ್ನ ಕರೆಸೋದಾದರೆ ಜನವರಿ ಒಳ್ಳೇದು, ಮಳೆ ನಿಂತಿರುತ್ತದೆ, ನೀರೂ ಇರುತ್ತದೆ. ಮನೆ ಹುಡುಕೋದಕ್ಕೆ ಮಾತ್ರ ಮಾರ್ಚ್ ಕೊನೆಗೆ ಹೋಗಿ. ಆ ಹೊತ್ತಿನಲ್ಲಿ ಯಾವ ಓಣಿಯಲ್ಲಿ ಟ್ಯಾಂಕರ್ ನಿಂತಿದೆ ಅಂತ ನೋಡಿದರೆ ಸಾಕು, ಬ್ರೋಕರ್‌ನ ಕೇಳುವ ಅಗತ್ಯವೇ ಇಲ್ಲ.