ವಾರಕ್ಕೆ ಮೂರೇ ದಿನ ಜಿಮ್ಮಾ?

"ನೀವು ವಾರಕ್ಕೆ ಮೂರೇ ದಿನ ಅಲ್ವಾ ಜಿಮ್ಮಿಗೆ ಹೋಗೋದು? ಅಷ್ಟು ಸಾಕಾ?" ಆಫೀಸಿನಲ್ಲಿ ಕೇಳುತ್ತಾರೆ, ಮದುವೆ ಹಾಲ್‌ನಲ್ಲಿ ಕೇಳುತ್ತಾರೆ. ಜಿಮ್ಮಿಗೆ ಹೊಸದಾಗಿ ಸೇರಿದ ಹುಡುಗರಂತೂ "ಅಣ್ಣ, ನಾನು ಆರು ದಿನ ಬರ್ತೇನೆ, ನಿಮಗಿಂತ ಬೇಗ ಬಾಡಿ ಬರ್ತದಲ್ಲ?" ಎಂದು ಲೆಕ್ಕವೇ ಹಾಕಿಬಿಡುತ್ತಾರೆ. ಸಾಕು ಅನ್ನುವುದೇ ನನ್ನ ಉತ್ತರ. ಎಲ್ಲಿ ಕಲಿತೆ ಎಂದು ಹೇಳಿದರೆ ಮಾತ್ರ ನಗುತ್ತಾರೆ. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ.

2004ರಲ್ಲಿ ಪ್ಲೇಸ್ಟೇಷನ್‌ಗೆ, ಮರುವರ್ಷ ಕಂಪ್ಯೂಟರಿಗೆ ಬಂದ ಗೇಮ್ ಅದು. ಮಂಗಳೂರಿನ ಸೈಬರ್ ಕೆಫೆಗಳಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರಿಗೆ ನೆನಪಿರುವುದು ಕಾರು ಕದಿಯುವುದು, ಪೊಲೀಸರಿಂದ ತಪ್ಪಿಸಿಕೊಳ್ಳುವುದು, ಹೆಸೋಯಾಮ್ ಅಂತ ಚೀಟ್ ಕೋಡ್ ಟೈಪ್ ಮಾಡಿ ದುಡ್ಡು ಮಾಡಿಕೊಳ್ಳುವುದು. ನನಗೆ ಹಿಡಿಸಿದ್ದು ಅದರೊಳಗಿನ ಜಿಮ್ಮು. ಗೇಮ್‌ನ ಹೀರೋ ಸಿಜೆ ಬೆಂಚ್ ಪ್ರೆಸ್ (ಬೆಂಚಿನ ಮೇಲೆ ಮಲಗಿ ಭಾರ ಎತ್ತುವುದು) ಮಾಡಿದರೆ, ಡಂಬೆಲ್ ಎತ್ತಿದರೆ ಪರದೆಯ ಮೇಲೆ ಮಸಲ್ ಅಳೆಯುವ ಪಟ್ಟಿ ಸ್ವಲ್ಪ ಸ್ವಲ್ಪ ಏರುತ್ತಿತ್ತು, ತೋಳೂ ದಪ್ಪಗಾಗುತ್ತಿತ್ತು. ಒಂದು ಹಂತ ದಾಟಿದರೆ ಗೇಮೇ ತಡೆಯುತ್ತಿತ್ತು. ಇವತ್ತಿಗೆ ಸಾಕು, ನಾಳೆ ಬಾ. ಆಮೇಲೆ ಕೀ ಎಷ್ಟು ಕುಟ್ಟಿದರೂ ಪ್ರಯೋಜನವಿಲ್ಲ. ಅಲ್ಲಿನ ಒಂದು ದಿನ ಅಂದರೆ ನಮ್ಮ 24 ನಿಮಿಷ. ಮನೆಗೆ ಹೋಗಿ ಸೇವ್ ಮಾಡಿದರೆ ಗೇಮ್‌ನ ಗಡಿಯಾರ ಆರು ಗಂಟೆ ಮುಂದಕ್ಕೆ ಹೋಗುತ್ತದೆ. ಹಾಗಾಗಿ ತೋಳು ಬೇಗ ಬೆಳೆಸುವ ಉಪಾಯ ಎಂದರೆ ಜಿಮ್ಮಿನಿಂದ ಸೀದಾ ಮನೆಗೆ ಹೋಗಿ ಸಿಜೆಯನ್ನು ಮಲಗಿಸುವುದು!

ನಿಜವಾದ ಮೈಯಲ್ಲೂ ಹೀಗೆಯೇ. ಭಾರ ಎತ್ತುವಾಗ ಸ್ನಾಯು ಬೆಳೆಯುವುದಿಲ್ಲ. ಎತ್ತಿ ಮುಗಿಸಿದ ಮೇಲೆ ಒಂದೆರಡು ದಿನ ಮೈ ಹೊಸ ಪ್ರೋಟೀನ್ ಕಟ್ಟುವ ಕೆಲಸವನ್ನು ಜೋರಾಗಿ ಮಾಡುತ್ತದೆ. ಆಗ ಅದಕ್ಕೆ ಬೇಕಾದ್ದು ಊಟ, ನಿದ್ದೆ. ಸೋಮವಾರ, ಬುಧವಾರ, ಶುಕ್ರವಾರ ಇಡೀ ಮೈಗೆ ಕೆಲಸ ಕೊಟ್ಟರೆ ಈ ಲೆಕ್ಕ ಚೆನ್ನಾಗಿ ಕೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದೂ ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯುಗಳಿಗೆ ಕಸರತ್ತು ಕೊಡಿ ಅಂತ. ಆರು ದಿನ ಬರುವ ಹುಡುಗರನ್ನು ನೋಡಿದ್ದೇನೆ. ನಾಲ್ಕು ದಿನ ಎದೆ ಮತ್ತು ತೋಳು. ಬೆಂಚಿಗೆ ಕ್ಯೂ, ಕಾಲಿನ ಕಸರತ್ತಿನ ಸ್ಕ್ವಾಟ್ ರ‍್ಯಾಕ್ ಖಾಲಿ. ನನಗೇನು, ಕಾಯದೆ ಸಿಗುತ್ತದೆ.

ಊಟದ ವಿಷಯಕ್ಕೆ ಬರೋಣ. ಸಿಜೆಗೆ ತಿನ್ನಿಸದಿದ್ದರೆ ಮೊದಲು ಕೊಬ್ಬು ಕರಗುತ್ತದೆ, ಅದು ಮುಗಿದ ಮೇಲೆ ಮಸಲ್ ಇಳಿಯುತ್ತದೆ. ಬರ್ಗರ್ ಮೇಲೆ ಬರ್ಗರ್ ತುರುಕಿದರೆ ವಾಂತಿ ಮಾಡುತ್ತಾನೆ. ನಮ್ಮ ಮೈ ಅಷ್ಟು ಶಿಸ್ತಿನದ್ದಲ್ಲ, ಅರೆಹೊಟ್ಟೆಯಲ್ಲಿದ್ದರೆ ಕೊಬ್ಬಿನ ಜೊತೆಗೇ ಸ್ನಾಯುವನ್ನೂ ಕರಗಿಸುತ್ತದೆ. ಭಾರ ಎತ್ತುವವರಿಗೆ ಮೈತೂಕದ ಪ್ರತಿ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಎಂಬುದು ಒಳ್ಳೆಯ ಗುರಿ. 70 ಕೆಜಿಯವರಿಗೆ ದಿನಕ್ಕೆ ಸುಮಾರು 110 ಗ್ರಾಂ ಆಯಿತು. ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಇಟ್ಟುಕೊಂಡು ಆ ಲೆಕ್ಕ ಮುಟ್ಟಲು ಆಗುವುದಿಲ್ಲ ಮಾರಾಯ್ರೆ. 100 ಗ್ರಾಂ ಬಂಗುಡೆಯಲ್ಲಿ 20 ಗ್ರಾಂ ಹತ್ತಿರ ಇದೆ, ಒಂದು ಮೊಟ್ಟೆಯಲ್ಲಿ 6. ಜೂನ್, ಜುಲೈ ಟ್ರಾಲಿಂಗ್ (ಯಂತ್ರದೋಣಿ ಮೀನುಗಾರಿಕೆ) ನಿಷೇಧದಲ್ಲಿ ಮೀನಿನ ರೇಟು ಕೇಳುವ ಹಾಗಿರುವುದಿಲ್ಲ. ಆಗ ನಮ್ಮ ಮನೆಯಲ್ಲಿ ಮೊಟ್ಟೆ ಮತ್ತು ಹುರುಳಿ. ಸಾರಿನ ನೀರು ಮಾತ್ರ ಕುಡಿದರೆ ಸಾಲದು, ಕಾಳು ತಿನ್ನಬೇಕು. ಕಂಬಳದ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವವರು ಅದನ್ನು ಸುಮ್ನೆ ಹಾಕುವುದಿಲ್ಲ. ಪ್ರೋಟೀನ್ ಪೌಡರ್? ಅನುಕೂಲ ಇದ್ದರೆ ತೆಗೆದುಕೊಳ್ಳಿ, ಇಲ್ಲದಿದ್ದರೂ ನಡೆಯುತ್ತದೆ.

ಗೇಮ್ ಪೂರ್ತಿ ಸುಳ್ಳು ಹೇಳುವುದು ಸಮಯದ ವಿಷಯದಲ್ಲಿ. ನಮ್ಮ ಕುಂದಾಪುರ ಕಡೆಯ ವೇಟ್‌ಲಿಫ್ಟರ್ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆಜಿ ವಿಭಾಗದಲ್ಲಿ ಒಟ್ಟು 249 ಕೆಜಿ ಎತ್ತಿ ಬೆಳ್ಳಿ ಗೆದ್ದರು. 2022ರಲ್ಲಿ 61 ಕೆಜಿ ವಿಭಾಗದಲ್ಲಿ 269 ಕೆಜಿ, ಕಂಚು. ಎರಡು ಪದಕಗಳ ನಡುವೆ ನಾಲ್ಕು ವರ್ಷ, 20 ಕೆಜಿ. ಅದೂ ಇದನ್ನೇ ಕೆಲಸ ಮಾಡಿಕೊಂಡವರಿಗೆ. ಅಂಥವರಿಗೆ ಮೂರು ದಿನ ಸಾಲದು, ನಾನು ಹೇಳುತ್ತಿರುವುದು ಬೆಳಿಗ್ಗೆ ಬಸ್ಸು ಹಿಡಿದು ಆಫೀಸಿಗೆ ಹೋಗುವವರಿಗೆ. ಹೊಸಬರಿಗೆ ಮೊದಲ ಕೆಲವು ವಾರ ಭಾರ ಸರಸರ ಏರುತ್ತದೆ. ಮೈಯಲ್ಲಿ ಇರುವ ಸ್ನಾಯುವನ್ನೇ ಪೂರ್ತಿ ಬಳಸಲು ನರಗಳು ಕಲಿಯುವ ಕಾಲ ಅದು. ಆಮೇಲೆ ಬಾರ್‌ನ ಎರಡೂ ಕಡೆ ಒಂದೂಕಾಲು ಕೆಜಿಯ ಪುಟ್ಟ ಪ್ಲೇಟ್ ಸೇರಿಸಿದರೂ ಬೆವರು ಇಳಿಯುತ್ತದೆ. ಇಲ್ಲೇ ಜಾಸ್ತಿ ಜನ ಬಿಟ್ಟು ಹೋಗುವುದು, ಇಲ್ಲವೇ ಅಡ್ಡದಾರಿ ಹುಡುಕುವುದು.

ಅಡ್ಡದಾರಿ ಗೇಮ್‌ನಲ್ಲೂ ಇತ್ತು. ಬಫ್‌ಮಿಅಪ್ ಎಂದು ಟೈಪ್ ಮಾಡಿದರೆ ಸಿಜೆ ಆ ಕ್ಷಣವೇ ಪೈಲ್ವಾನ. ಅವನಿಗೆ ಏನೂ ಆಗುವುದಿಲ್ಲ. ನಮಗೆ ಸ್ಟೀರಾಯ್ಡ್ ಚುಚ್ಚಿಕೊಂಡರೆ ಮೈ ತನ್ನದೇ ಟೆಸ್ಟೋಸ್ಟೆರಾನ್ ಮಾಡುವುದನ್ನು ಕಡಿಮೆ ಮಾಡುತ್ತದೆ, ಹೃದಯಕ್ಕೂ ಪೆಟ್ಟು. ಲಾಕರ್ ರೂಮಿನಲ್ಲಿ ಯಾರಾದರೂ "ಒಂದು ಕೋರ್ಸ್ ಅಷ್ಟೇ" ಅಂದರೆ ನಕ್ಕು ಎದ್ದು ಬನ್ನಿ.

ಇನ್ನೊಂದು ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. "ಉಳಿದ ನಾಲ್ಕು ದಿನ ಎಂತ ಮಾಡೋದು?" ಗೇಮ್‌ನಲ್ಲಿ ಮಸಲ್‌ಗೆ ಒಂದು ಪಟ್ಟಿಯಾದರೆ ದಮ್ಮಿಗೆ ಬೇರೆಯೇ ಪಟ್ಟಿ. ಬೆಂಚ್ ಪ್ರೆಸ್‌ನಿಂದ ಅದು ಏರುವುದಿಲ್ಲ, ಓಡಬೇಕು, ಸೈಕಲ್ ತುಳಿಯಬೇಕು. ನಾನು ಎರಡು ದಿನ ಮಂಗಳಾ ಸ್ಟೇಡಿಯಂ ಕಡೆ ಬಿರುಸಾಗಿ ನಡೆಯುತ್ತೇನೆ. ಮಳೆ ಜೋರಾದರೆ ಅದೂ ಇಲ್ಲ, ಅಪಾರ್ಟ್‌ಮೆಂಟಿನ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಭಾನುವಾರ ಏನೂ ಮಾಡುವುದಿಲ್ಲ.